ಕುವೈತಿನ ಮುಚ್ಚಿದ ಸಂಸತ್ತು ಮತ್ತು ನಮ್ಮ ಮನೆ ಮಕ್ಕಳು

"ಅರಸರ ದೇಶದಲ್ಲಿ ಕೆಲಸ ಬೇಗ ಆಗ್ತದೆ, ಪ್ರತಿಪಕ್ಷದ ಗಲಾಟೆ ಇಲ್ಲ." ಕಾರವಾರ, ಅಂಕೋಲಾ ಕಡೆಯ ನಮ್ಮ ಮನೆಗಳಲ್ಲಿ ಗಲ್ಫ್ ಸುದ್ದಿ ಬಂದಾಗ ಈ ಮಾತು ಕೇಳುವುದುಂಟು. ಇದು ಎಷ್ಟು ಸರಿ? ಕುವೈತನ್ನೇ ನೋಡೋಣ.

ಗಲ್ಫ್ ಅರಸೊತ್ತಿಗೆಗಳಲ್ಲಿ ಕುವೈತ್ ಸ್ವಲ್ಪ ಬೇರೆ. 1962ರಲ್ಲೇ ಅಲ್ಲಿ ಸಂವಿಧಾನ ಬಂತು, ಮರುವರ್ಷ ಚುನಾವಣೆ ನಡೆದು ಮಜ್ಲಿಸುಲ್ ಉಮ್ಮ ಸೇರಿತು. ಪ್ರಧಾನಿಯನ್ನು ನೇಮಿಸುವುದು ಅಮೀರರೇ. ರಾಜಕೀಯ ಪಕ್ಷಗಳಿಗೆ ಕಾನೂನಿನ ಮಾನ್ಯತೆ ಇಲ್ಲ. ಆದರೂ ಇಖ್ವಾನ್ ಚಿಂತನೆಯವರು, ಸಲಫಿಗಳು, ಉದಾರವಾದಿಗಳು, ಕಬೀಲಗಳ ಪ್ರತಿನಿಧಿಗಳು ಗುಂಪು ಕಟ್ಟಿಕೊಂಡು ಪ್ರತಿಪಕ್ಷವಾದರು. ಮಂತ್ರಿಯನ್ನು ಸದನದಲ್ಲಿ ನಿಲ್ಲಿಸಿ ಪ್ರಶ್ನಿಸುವ ಅಧಿಕಾರ ಅವರಿಗಿತ್ತು. 2006ರಲ್ಲಿ ಅನಾರೋಗ್ಯದಲ್ಲಿದ್ದ ಅಮೀರ್ ಶೇಖ್ ಸಅದ್ ಅವರನ್ನು ಪದವಿಯಿಂದ ಇಳಿಸಿದ್ದೂ ಇದೇ ಸಂಸತ್ತಿನ ಮತ.

ಆದರೆ ಬೀಗದ ಕೈ ಅರಮನೆಯಲ್ಲೇ ಇತ್ತು. 1976 ಮತ್ತು 1986ರಲ್ಲಿ ಸದನವನ್ನು ವರ್ಷಗಟ್ಟಲೆ ಮುಚ್ಚಲಾಯಿತು. 2024ರ ಏಪ್ರಿಲ್ 4ರ ಚುನಾವಣೆಯಲ್ಲಿ ಪ್ರತಿಪಕ್ಷದವರೇ ಹೆಚ್ಚು ಗೆದ್ದರು. ಹೊಸ ಸದನ ಒಮ್ಮೆಯೂ ಸೇರುವ ಮೊದಲೇ, ಮೇ 10ರಂದು, ಅಮೀರ್ ಶೇಖ್ ಮಿಶ್‌ಅಲ್ ಅದನ್ನು ವಿಸರ್ಜಿಸಿದರು. ಸಂವಿಧಾನದ ಕೆಲವು ವಿಧಿಗಳನ್ನು ಹೆಚ್ಚೆಂದರೆ ನಾಲ್ಕು ವರ್ಷ ಅಮಾನತಿನಲ್ಲಿಟ್ಟರು. ಸದನದ ಜಗಳದಿಂದ ಆಡಳಿತ ಕೆಟ್ಟಿತು ಎಂಬುದು ಅರಮನೆಯ ವಾದ. ಅದರಲ್ಲಿ ಹುರುಳಿಲ್ಲವೆಂದಲ್ಲ. 2017ರಲ್ಲಿ ಅವಧಿ ಮುಗಿದ ಸರ್ಕಾರಿ ಸಾಲದ ಕಾನೂನನ್ನು ಸದನ ಮತ್ತೆ ಪಾಸು ಮಾಡಲೇ ಇಲ್ಲ.

ಪ್ರತಿಪಕ್ಷ ಎಂದರೆ ನಮ್ಮವರ ಪಕ್ಷವೂ ಅಲ್ಲ. ಹೊರದೇಶದವರು ಊರಿಗೆ ಕಳಿಸುವ ದುಡ್ಡಿಗೆ ತೆರಿಗೆ ಹಾಕಲು 2018ರಲ್ಲಿ ಒಪ್ಪಿದ್ದು ಸಂಸತ್ತಿನ ಹಣಕಾಸು ಸಮಿತಿ, ಬೇಡವೆಂದದ್ದು ಸರ್ಕಾರ. ಭಾರತೀಯರು ಜನಸಂಖ್ಯೆಯ ಶೇ. 15 ದಾಟಬಾರದೆಂಬ ಕರಡು 2020ರಲ್ಲಿ ಬಂದದ್ದೂ ಸದನದಿಂದಲೇ. ಓಟು ಇರುವುದು ಅಲ್ಲಿನ ನಾಗರಿಕರಿಗೆ ಮಾತ್ರ. ಓಟಿಲ್ಲದವನ ಕಷ್ಟ ಯಾವ ಪಕ್ಷಕ್ಕೂ ದೊಡ್ಡದಲ್ಲ.

ಹಾಗಾದರೆ ಸದನ ಮುಚ್ಚಿದ್ದು ನಮಗೆ ಲಾಭವೇ? ವಿಸರ್ಜನೆಯಾಗಿ ಒಂದು ತಿಂಗಳಿಗೆ, ಜೂನ್ 12ರಂದು, ಮಂಗಾಫ್‌ನ ಕಾರ್ಮಿಕರ ಕಟ್ಟಡಕ್ಕೆ ಬೆಂಕಿ ಬಿದ್ದು 40ಕ್ಕೂ ಹೆಚ್ಚು ಭಾರತೀಯರು ತೀರಿಹೋದರು. ಬಂಧನ, ತನಿಖೆ ಬೇಗನೆ ನಡೆಯಿತು. ಆದರೆ ಮಂತ್ರಿಯನ್ನು ನಿಲ್ಲಿಸಿ ಕೇಳಲು ಸದನವೇ ಇರಲಿಲ್ಲ. ಮತ್ತೊಂದು ತಿಂಗಳಿಗೆ, ಜುಲೈ 16ರಂದು, ನಮ್ಮ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಇಲ್ಲಿ ಕೆಲಸ ತಡವಾಯಿತು, ಗಲಾಟೆಯೂ ಆಯಿತು. ಆದರೆ ವಿಧಾನಸಭೆಯಲ್ಲಿ ಪ್ರಶ್ನೆ ಎದ್ದಿತು, ಹೈಕೋರ್ಟ್ ಲೆಕ್ಕ ಕೇಳಿತು. ಸರ್ಕಾರ ಉತ್ತರ ಕೊಡಲೇಬೇಕಾಯಿತು.

ಕುರ್‌ಆನಿನ 42ನೇ ಅಧ್ಯಾಯಕ್ಕೆ ಹೆಸರೇ ಅಶ್ಶೂರಾ, ಅಂದರೆ ಸಮಾಲೋಚನೆ. ತಪ್ಪಿದರೆ ತಿದ್ದಿ ಎಂದು ಮೊದಲ ಖಲೀಫ ಅಬೂಬಕರ್ ಸಿದ್ದೀಕ್ (ರ) ಅಧಿಕಾರಕ್ಕೆ ಬಂದ ದಿನವೇ ಜನರಿಗೆ ಹೇಳಿದ್ದರು. ತಿದ್ದುವ ಬಾಯಿ ಇಲ್ಲದಿದ್ದರೆ ಒಳ್ಳೆಯ ಅರಸನಿಗೂ ತನ್ನ ತಪ್ಪು ಕಾಣುವುದಿಲ್ಲ.

ಅಮೀರರ ಆದೇಶದ ಪ್ರಕಾರ ನಾಲ್ಕು ವರ್ಷದ ಗಡುವು 2028ರ ಮೇ ತಿಂಗಳಿಗೆ ಮುಗಿಯುತ್ತದೆ. ಮಕ್ಕಳನ್ನು ಅಲ್ಲಿಗೆ ಕಳಿಸಿದ ನಾವು ಅದನ್ನು ಗಮನಿಸುತ್ತಿರೋಣ. ಅಲ್ಲಿ ನಮಗಿಲ್ಲದ ಓಟು ಇಲ್ಲುಂಟು. ಅದನ್ನು ಹಗುರವಾಗಿ ಕಾಣುವುದು ಬೇಡ.