ಮೂಲ ಧಾಟಿ ಯಾರದು?

ಈಚೆಗೆ ನಮ್ಮ ಕಡೆ ನಡೆದ ಭಾವಗೀತೆ ಸ್ಪರ್ಧೆಯೊಂದರಲ್ಲಿ ಪಿಯುಸಿ ಓದುವ ಹುಡುಗಿಯೊಬ್ಬಳು ಶಿಶುನಾಳ ಶರೀಫರ ‘ಕೋಡಗನ ಕೋಳಿ ನುಂಗಿತ್ತ’ ಹಾಡಿದಳು. ಎಲ್ಲರೂ ಹಾಡುವ ಧಾಟಿಯಲ್ಲಲ್ಲ, ರಘು ದೀಕ್ಷಿತ್ ಪ್ರಾಜೆಕ್ಟ್ ಎಂಬ ಬ್ಯಾಂಡಿನ ಧಾಟಿಯಲ್ಲಿ. ಹಾರ್ಮೋನಿಯಂನವರು ತಬ್ಬಿಬ್ಬಾದರು. ಹುಡುಗಿ ಅವರಿಗಾಗಿ ಕಾಯದೆ, ಕೈಯಲ್ಲೇ ತಾಳ ಹಾಕಿಕೊಂಡು ಮುಗಿಸಿಯೇ ಬಿಟ್ಟಳು. ಹಿಂದೆ ಕೂತಿದ್ದ ನಾವು ಹೆಂಗಸರು ಚಪ್ಪಾಳೆ ತಟ್ಟಿದೆವು. ತೀರ್ಪುಗಾರರು ಮಾತ್ರ ಮೈಕಿನಲ್ಲೇ ಅಂದರು: “ಮೂಲ ಧಾಟಿ ಕೆಡಿಸಬಾರದಮ್ಮ. ಹೆಣ್ಣುಮಕ್ಕಳು ಸಂಸ್ಕೃತಿ ಉಳಿಸಬೇಕು.” ಹುಡುಗಿ ತಲೆ ತಗ್ಗಿಸಿ ಇಳಿದುಬಂದಳು.

ಆ ಮಾತು ನನಗೆ ಇನ್ನೂ ಜೀರ್ಣವಾಗಿಲ್ಲ. ಯಾವ ಮೂಲ ಧಾಟಿ, ಸ್ವಾಮಿ?

ಶರೀಫರು ಹುಟ್ಟಿದ್ದು 1819ರಲ್ಲಿ, ತೀರಿಕೊಂಡದ್ದು 1889ರಲ್ಲಿ. ನಮ್ಮ ದೇಶದಲ್ಲಿ ಗ್ರಾಮಫೋನ್ ತಟ್ಟೆಗೆ ಹಾಡು ತುಂಬಿಸತೊಡಗಿದ್ದು ಆಮೇಲೆ, 1902ರಲ್ಲಿ. ಶರೀಫರ ದನಿಯನ್ನು ಕೇಳಿದವರು ಇಂದು ಯಾರೂ ಇಲ್ಲ. ಅವರ ಪದಗಳು ಭಜನೆಯವರ ಬಾಯಲ್ಲಿ, ತಂಬೂರಿಯವರ ಕೈಯಲ್ಲಿ ಉಳಿದು ಬಂದವು. ನಾವಿಂದು ‘ಮೂಲ’ ಎನ್ನುವ ಧಾಟಿ ಸಿ. ಅಶ್ವಥ್ ಅವರದು. ಅವರು ನಮ್ಮ ಪಕ್ಕದ ತಾಲ್ಲೂಕು ಚನ್ನರಾಯಪಟ್ಟಣದಲ್ಲಿ 1939ರಲ್ಲಿ ಹುಟ್ಟಿದವರು, ಬೆಂಗಳೂರಿನ ಐಟಿಐ ಕಾರ್ಖಾನೆಯಲ್ಲಿ ನೌಕರಿ ಮಾಡಿಕೊಂಡೇ ಸಂಗೀತ ಕಟ್ಟಿದವರು. ಶರೀಫರು ಕ್ಯಾಸೆಟ್ಟಿನಲ್ಲಿ ನಮ್ಮ ಮನೆಗಳಿಗೆ ಬಂದದ್ದು ಅವರಿಂದ. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಬಂದ ಮೇಲೆ ಆ ಧಾಟಿಗಳು ಊರೂರಲ್ಲೂ ಮನೆಮಾತಾದವು.

ಆಗ ಹಳ್ಳಿಮೈಸೂರಿನ ನಮ್ಮ ಮನೆಯಲ್ಲಿ ಆ ಕ್ಯಾಸೆಟ್ ಹಾಕಿದರೆ ಅಪ್ಪ ಪಡಸಾಲೆಯಿಂದಲೇ, “ಇದೇನು ಹಾಡೋ, ಜಗಳವೋ? ತತ್ವಪದವನ್ನು ಹೀಗೆ ಕೂಗುತ್ತಾರಾ?” ಎನ್ನುತ್ತಿದ್ದರು. ಅಂದು ಹಾಗೆ ಮುಖ ಸಿಂಡರಿಸಿದವರ ವಾರಿಗೆಯವರೇ ಇಂದು ತೀರ್ಪುಗಾರರ ಕುರ್ಚಿಯಲ್ಲಿದ್ದಾರೆ. ಹೊಸ ಧಾಟಿ ‘ಮೂಲ’ವಾಗಲು ಬೇಕಾದದ್ದು ಇಷ್ಟೇ ಕಾಲ!

ನಾನು ಅಶ್ವಥ್ ಅವರ ಭಕ್ತೆ. ಈ ಬ್ಯಾಂಡಿನ ಹುಚ್ಚೂ ನನಗಿದೆ. 2008ರ ಅವರ ಮೊದಲ ಆಲ್ಬಂನಲ್ಲಿ ‘ಗುಡುಗುಡಿಯ ಸೇದಿ ನೋಡೋ’ ಕೇಳಿದಾಗಿನಿಂದ ಹಿಡಿದ ಹುಚ್ಚು. 2013ರಲ್ಲಿ ‘ಜಗ್ ಚಂಗಾ’ ಬಂದಾಗ ಮಗನ ಮೊಬೈಲಿನಲ್ಲಿ ಪಾತ್ರೆ ತೊಳೆಯುತ್ತಾ ಕೇಳಿದೆ. ‘ಕೋಡಗನ’ ಅದರಲ್ಲೇ ಇರುವುದು. ತಪ್ಪು ಹೇಳಲೇಬೇಕೆಂದರೆ ಹೇಳುತ್ತೇನೆ. ಡ್ರಮ್ಮಿನ ಅಬ್ಬರಕ್ಕೆ ಕೆಲವು ಕಡೆ ಮಾತು ಮುಳುಗುತ್ತದೆ. ಒಗಟನ್ನು ಬಿಡಿಸಿಕೊಳ್ಳಲು ಕೇಳುವವರಿಗೆ ಒಂದು ಗಳಿಗೆ ಬಿಡುವು ಬೇಕು. ಅಶ್ವಥ್ ಅದನ್ನು ಕೊಡುತ್ತಾರೆ, ಇವರು ಕೊಡುವುದಿಲ್ಲ. ಆದರೆ ನನಗೆ ಇದು ಮೊದಲು ನಗೆಯ ಹಾಡು ಎಂದು ನೆನಪಾದದ್ದು ಇವರಿಂದಲೇ. ಭಕ್ತಿಯಿಂದ ಕೇಳಿ ಕೇಳಿ ನಗುವುದನ್ನೇ ಮರೆತಿದ್ದೆ.

ಆ ಪದದಲ್ಲಿ ಏನೇನಿದೆ ನೋಡಿ: ಒಳ್ಳು, ಒನಕೆ, ಗೋಡೆ, ಸುಣ್ಣ. ಎಲ್ಲ ನಮ್ಮ ಅಡುಗೆಮನೆ, ಹಿತ್ತಿಲಿನ ಸಾಮಾನು. ಶರೀಫರು ಆ ವಿಚಿತ್ರವನ್ನು ನೋಡಲು ಕರೆಯುವುದು ಪಂಡಿತರನ್ನಲ್ಲ, ‘ತಂಗಿ’ಯನ್ನು. ಸಂತರು ಕರೆದ ತಂಗಿ ವೇದಿಕೆ ಹತ್ತಿ ತನಗೆ ಕಂಡಂತೆ ಹಾಡಿದರೆ ಸಂಸ್ಕೃತಿ ಕೆಡುತ್ತದೆಯೇ?

ನನ್ನ ಸಿಟ್ಟು ಇರುವುದು ಇಲ್ಲೇ. ಅಶ್ವಥ್ ಹೊಸ ಧಾಟಿ ಕಟ್ಟಿದರು, ನಾಡು ಕೊಂಡಾಡಿತು, ಅದು ಸರಿಯೇ. ಈ ಬ್ಯಾಂಡಿನವರು ಇನ್ನೊಂದು ಕಟ್ಟಿದರು, 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಜಾತ್ರೆಯ ವೇದಿಕೆಯವರೆಗೂ ಹೋಗಿಬಂದರು, ಅದಕ್ಕೂ ಹೆಮ್ಮೆಪಟ್ಟೆವು. ಗಂಡಸರು ಬದಲಾಯಿಸಿದರೆ ಪ್ರತಿಭೆ. ತಾಲ್ಲೂಕಿನ ಹುಡುಗಿ ಆ ಬದಲಾವಣೆಯನ್ನು ಬರೀ ಬಾಯಿಗೆ ತಂದುಕೊಂಡರೂ ಕೆಡಿಸಿದಂತೆ! ಉಳಿಸುವ ಕೂಲಿ ನಮಗೆ, ಕಟ್ಟುವ ಸುಖ ಅವರಿಗೆ. ಇದು ಯಾವ ನ್ಯಾಯ, ನೀವೇ ಹೇಳಿ.

ಸ್ಪರ್ಧೆ ನಡೆಸುವವರಿಗೆ ಒಂದು ಮಾತು. ಅಶ್ವಥ್ ಧಾಟಿಯೇ ಬೇಕಾದರೆ ಕರಪತ್ರದಲ್ಲಿ ಹಾಗೇ ಅಚ್ಚು ಹಾಕಿಸಿ. ಚನ್ನರಾಯಪಟ್ಟಣದವರಿಗೆ ಸಲ್ಲಬೇಕಾದ ಹೆಸರಾದರೂ ಸಲ್ಲುತ್ತದೆ. ‘ಮೂಲ’ ಎಂದು ಮಾತ್ರ ಹೇಳಿ ಮಕ್ಕಳ ಬಾಯಿ ಕಟ್ಟಬೇಡಿ.

ಆ ಹುಡುಗಿಯನ್ನು ನಮ್ಮ ಮಹಿಳಾ ಸಮಾಜದ ರಾಜ್ಯೋತ್ಸವಕ್ಕೆ ಕರೆದಿದ್ದೇವೆ. ಹಾರ್ಮೋನಿಯಂನವರಿಗೆ ಹೇಳಿಲ್ಲ, ತಾಳ ಹಾಕಲು ನಾವೇ ಇರುತ್ತೇವೆ.