ಒಂದು ಅಂಕದ ಈಚೆ, ಆಚೆ



ಫಲಿತಾಂಶ ಬಂದ ದಿನ ಮನೆಯವರು, ನೆಂಟರು, ನೆರೆಯವರು ಕೇಳುವುದು ಒಂದೇ ಪ್ರಶ್ನೆ: ‘ಪಾಸಾ, ಫೇಲಾ?’ ಹತ್ತನೆಯ ತರಗತಿಗೆ ಈ ಪ್ರಶ್ನೆ ಸರಿ. ಎಷ್ಟು ಅಂಕ ಬಂದರೆ ಪಾಸು ಎಂಬುದು ಅಲ್ಲಿ ಮೊದಲೇ ಗೊತ್ತಿರುತ್ತದೆ. ಆದರೆ ನಾಗರಿಕ ಸೇವಾ ಪರೀಕ್ಷೆ ಬರೆದ ಮಗನನ್ನೋ ಮಗಳನ್ನೋ ಹೀಗೆ ಕೇಳಿದರೆ ಅವರು ಏನು ಹೇಳಬೇಕು? ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆಯ ಕನ್ನಡ ಮನೆಗಳ ಹೆತ್ತವರಿಗಾಗಿ ಈ ಸಲ ಇದನ್ನೇ ಸ್ವಲ್ಪ ಬಿಡಿಸಿ ನೋಡೋಣ.

ಈ ಪರೀಕ್ಷೆಯಲ್ಲಿ ದಾಟಬೇಕಾದ ಗೆರೆಗಳು ಎರಡು ಬಗೆ. ಒಂದು ಅರ್ಹತಾ ಅಂಕ. ಅದು ಮೊದಲೇ ನಿಶ್ಚಯವಾಗಿರುತ್ತದೆ. ಇನ್ನೊಂದು ಕಟ್-ಆಫ್. ಅದು ಗೊತ್ತಾಗುವುದು ಪರೀಕ್ಷೆ ಮುಗಿದ ಮೇಲೆಯೇ. ಹುದ್ದೆಗಳೆಷ್ಟು, ಪ್ರಶ್ನೆಗಳು ಎಷ್ಟು ಕಠಿಣ, ಮುಂದೆ ಇರುವವರು ಎಷ್ಟು ಮಂದಿ ಎಂಬುದರ ಮೇಲೆ ಅದು ಏರುತ್ತದೆ, ಇಳಿಯುತ್ತದೆ. ಕೇಂದ್ರ ಲೋಕಸೇವಾ ಆಯೋಗದ ಪೂರ್ವಭಾವಿ ಪರೀಕ್ಷೆಯನ್ನೇ ನೋಡಿ. ಸಾಮಾನ್ಯ ವರ್ಗದ ಕಟ್-ಆಫ್ 2016ರಲ್ಲಿ 200ಕ್ಕೆ 116 ಇತ್ತು, 2023ರಲ್ಲಿ 75.41 ಆಯಿತು. ಅಂದರೆ ನೂರು ಅಂಕ ಪಡೆದವನು 2016ರಲ್ಲಿ ಹೊರಗೆ, 2023ರಲ್ಲಿ ಒಳಗೆ! ಮೊದಲನೆಯವನು ದಡ್ಡ, ಎರಡನೆಯವನು ಜಾಣ ಎನ್ನಲಾದೀತೇ?

2023ರಲ್ಲಿ ಪೂರ್ವಭಾವಿ ಪರೀಕ್ಷೆಗೆ ಕುಳಿತವರು 5,92,141 ಮಂದಿ. ಮುಖ್ಯ ಪರೀಕ್ಷೆಗೆ ಅರ್ಹರಾದವರು 14,624. ಕೊನೆಗೆ ಆಯ್ಕೆಯಾದವರು 1,016. ಇಷ್ಟು ಸಾಲದೆಂಬಂತೆ, ಎಷ್ಟು ಅಂಕಗಳಿಂದ ತಪ್ಪಿತು ಎಂಬುದು ಅಂತಿಮ ಫಲಿತಾಂಶ ಬರುವವರೆಗೂ ಅಭ್ಯರ್ಥಿಗೆ ತಿಳಿಯುವುದಿಲ್ಲ. ಅಷ್ಟು ತಿಂಗಳು ಅವರು ಹೊರುವ ಭಾರದ ಮೇಲೆ ನಮ್ಮ ಮಾತಿನ ಭಾರವೂ ಬೀಳಬೇಕೇ?

ಕಟ್-ಆಫ್ ನಮ್ಮ ಕೈಯಲ್ಲಿಲ್ಲ. ಅರ್ಹತಾ ಅಂಕ ಮಾತ್ರ ಬಹುಮಟ್ಟಿಗೆ ನಮ್ಮ ಕೈಯಲ್ಲೇ ಇದೆ. ಪೂರ್ವಭಾವಿಯ ಎರಡನೆಯ ಪತ್ರಿಕೆಯಲ್ಲಿ ಶೇಕಡಾ 33 ಬೇಕು. ಮುಖ್ಯ ಪರೀಕ್ಷೆಯಲ್ಲಿ ಇಂಗ್ಲಿಷಿಗೆ ಒಂದು, ಒಂದು ಭಾರತೀಯ ಭಾಷೆಗೆ ಇನ್ನೊಂದು ಪತ್ರಿಕೆ. ತಲಾ 300 ಅಂಕ, ತಲಾ ಶೇಕಡಾ 25, ಅಂದರೆ 75 ಬರಬೇಕು. ಈ ಅಂಕಗಳು ರ‍್ಯಾಂಕಿಗೆ ಸೇರುವುದಿಲ್ಲ. ಆದರೆ 75 ಬಾರದಿದ್ದರೆ ಉಳಿದ ಪತ್ರಿಕೆಗಳಲ್ಲಿ ಎಷ್ಟೇ ಬಂದಿರಲಿ, ಅದು ಲೆಕ್ಕಕ್ಕಿಲ್ಲ.

ಆ ಭಾರತೀಯ ಭಾಷೆ ಕನ್ನಡವೂ ಆಗಬಹುದು. ಪ್ರಬಂಧ, ಸಾರಾಂಶ, ಅನುವಾದ ಎಲ್ಲವನ್ನೂ ಅದರಲ್ಲಿ ಬರೆಯಬೇಕು. ನಮ್ಮ ಗಡಿಯ ತೊಡಕು ಇರುವುದು ಇಲ್ಲಿಯೇ. 1956ರಲ್ಲಿ ಗದ್ವಾಲ್, ಆಲಂಪುರ ತಾಲ್ಲೂಕುಗಳು ರಾಯಚೂರು ಜಿಲ್ಲೆಯಿಂದ ಬೇರ್ಪಟ್ಟು ಆಂಧ್ರ ಪ್ರದೇಶಕ್ಕೆ ಸೇರಿದವು. ನಕಾಶೆಯ ಗೆರೆ ಬದಲಾದರೂ ಎಷ್ಟೋ ಮನೆಗಳ ಮಾತು ಬದಲಾಗಲಿಲ್ಲ. ಕೃಷ್ಣಾ ಮಂಡಲದಂಥ ಕಡೆ ಕನ್ನಡ ಮಾಧ್ಯಮದ ಶಾಲೆಗಳಿವೆ. ಉಳಿದೆಡೆ ಮಗು ಮನೆಯಲ್ಲಿ ಕನ್ನಡ ಆಡುತ್ತದೆ, ಶಾಲೆಯಲ್ಲಿ ತೆಲುಗನ್ನೋ ಇಂಗ್ಲಿಷನ್ನೋ ಬರೆಯುತ್ತದೆ. ಹೀಗೆ ಬೆಳೆದವರಿಗೆ ಆಡುವ ಕನ್ನಡ ಸಲೀಸು, ಬರೆಯುವ ಕನ್ನಡ ಕಬ್ಬಿಣದ ಕಡಲೆ. ತೆಲುಗನ್ನು ಚೆನ್ನಾಗಿ ಬರೆಯುವ ಮಗು ತೆಲುಗನ್ನೇ ಆರಿಸಿಕೊಳ್ಳಲಿ, ಅದರಲ್ಲಿ ನಾಚಿಕೆಯೇನಿಲ್ಲ. ಆದರೆ ಎರಡು ಭಾಷೆಗಳ ನಡುವೆ ಒಂದೂ ನೆಟ್ಟಗೆ ಬಾರದೆ ಹೋದರೆ ಅದು ನಷ್ಟ. ಕನ್ನಡ ಗಟ್ಟಿಯಾಗಿದ್ದವರು ಮುಖ್ಯ ಪರೀಕ್ಷೆಯ ಉತ್ತರಗಳನ್ನೇ ಕನ್ನಡದಲ್ಲಿ ಬರೆಯಬಹುದು. 500 ಅಂಕಗಳ ಐಚ್ಛಿಕ ವಿಷಯವಾಗಿ ಕನ್ನಡ ಸಾಹಿತ್ಯವನ್ನೂ ಆಯ್ದುಕೊಳ್ಳಬಹುದು.

ತೆಲಂಗಾಣದ ಗ್ರೂಪ್-1 ಪರೀಕ್ಷೆಯಲ್ಲಿ ಈ ಅನುಕೂಲವಿಲ್ಲ. ಅಲ್ಲಿ ಇಂಗ್ಲಿಷ್, ತೆಲುಗು ಅಥವಾ ಉರ್ದುವಿನಲ್ಲಿ ಬರೆಯಬೇಕು. ಸಾಮಾನ್ಯ ಇಂಗ್ಲಿಷ್ ಅರ್ಹತಾ ಪತ್ರಿಕೆ. ಆ ಪರೀಕ್ಷೆ ಬರೆದವರ ಪಾಡನ್ನೂ ನೆನೆಯಬೇಕು. 2022ರ ಅಕ್ಟೋಬರಿನಲ್ಲಿ ನಡೆದ ಪೂರ್ವಭಾವಿ, ಪ್ರಶ್ನೆಪತ್ರಿಕೆ ಸೋರಿಕೆಯಿಂದ 2023ರ ಮಾರ್ಚಿನಲ್ಲಿ ರದ್ದಾಯಿತು. 2023ರ ಜೂನಿನಲ್ಲಿ ಮತ್ತೆ ನಡೆದದ್ದನ್ನು ಹೈಕೋರ್ಟು ರದ್ದು ಮಾಡಿತು. 563 ಹುದ್ದೆಗಳಿಗೆ 2024ರ ಜೂನಿನಲ್ಲಿ ಮೂರನೆಯ ಸಲ ಬರೆಯಬೇಕಾಯಿತು. ಗೆರೆ ದಾಟಿದವರೂ ತಮ್ಮದಲ್ಲದ ತಪ್ಪಿಗೆ ಮತ್ತೆ ಗೆರೆಯ ಈಚೆಗೆ ಬಂದು ನಿಂತರು.

ಆದ್ದರಿಂದ ಹೆತ್ತವರಲ್ಲಿ ನಮ್ಮ ಅರಿಕೆ ಇಷ್ಟು. ಓದಲು ಕಳಿಸುವ ಮುನ್ನವೇ ಮಕ್ಕಳೊಂದಿಗೆ ಕುಳಿತು ಮಾತನಾಡಿ. ಸಾಮಾನ್ಯ ವರ್ಗದವರಿಗೆ ಕೇಂದ್ರದ ಪರೀಕ್ಷೆಯಲ್ಲಿ ಆರೇ ಅವಕಾಶ. ಅವುಗಳಲ್ಲಿ ಎಷ್ಟನ್ನು ಬಳಸುವುದು, ಖರ್ಚು ಹೇಗೆ, ಆಗದಿದ್ದರೆ ಮುಂದೇನು ಎಂಬುದನ್ನು ಫಲಿತಾಂಶ ಬರುವ ಮೊದಲೇ ತೀರ್ಮಾನಿಸಿ. ಒಂದು ಅಂಕದಿಂದ ತಪ್ಪಿದಾಗ ಪಕ್ಕದ ಮನೆಯವರ ಮಗನನ್ನು ತೋರಿಸಬೇಡಿ. ಮೊದಲು ಊಟಕ್ಕೆ ಕರೆಯಿರಿ.

ಇನ್ನೂ ಶಾಲೆಯಲ್ಲಿರುವ ಮಕ್ಕಳಿಗೆ ಒಂದು ಮಾತು. ವಾರಕ್ಕೊಂದು ಪುಟ ಕನ್ನಡ ಬರೆಯಿರಿ: ಅಜ್ಜಿ ಹೇಳಿದ ಕಥೆ, ಹೊಲದ ಸುದ್ದಿ, ಏನಾದರೂ ಸರಿ. ಬರೆದದ್ದನ್ನು ಅಜ್ಜಿಗೇ ಓದಿ ಹೇಳಿ. ತಪ್ಪಿದ್ದರೆ ಆಕೆ ಬಿಡುವುದಿಲ್ಲ!