ನೀರುನಾಯಿಯ ಹೆಜ್ಜೆ ಹಿಡಿದು

ಹಂಪೆಯ ಮಾತಂಗ ಪರ್ವತದ ಮೇಲಿಂದ ಸೂರ್ಯೋದಯವನ್ನು ಕಾಣಬೇಕೆಂದು ಪ್ರವಾಸಿಗಳು ಕತ್ತಲಿರುವಾಗಲೇ ಮೆಟ್ಟಿಲೇರತೊಡಗುತ್ತಾರೆ. ಅದೇ ಹೊತ್ತಿಗೆ ಕೆಳಗೆ ತುಂಗಭದ್ರೆಯ ದಡದಲ್ಲಿ ಬೇರೊಂದು ಬಗೆಯ ಯಾತ್ರಿಕನಿರುತ್ತಾನೆ. ಅವನ ದೃಷ್ಟಿ ನೆಟ್ಟಿರುವುದು ದಡದ ಒದ್ದೆ ಮರಳಿನ ಮೇಲೆ. ಕೊರಳಲ್ಲಿ ದುರ್ಬೀನು, ಕೈಯಲ್ಲಿ ಟಿಪ್ಪಣಿ ಪುಸ್ತಕ, ಜೇಬಿನಲ್ಲೊಂದು ಅಳತೆಪಟ್ಟಿ. ವನ್ಯಜೀವಿ ಸಂಶೋಧಕನ ಸಲಕರಣೆಗಳು ಬಹುಮಟ್ಟಿಗೆ ಇಷ್ಟೇ.

ಅವನು ಅರಸುತ್ತಿರುವುದು ನೀರುನಾಯಿಯನ್ನು. ಮರಳಿನಲ್ಲಿ ಐದು ಬೆರಳುಗಳು ಬಿಡಿಬಿಡಿಯಾಗಿ ಮೂಡಿ, ನಡುವೆ ಜಾಲದಂಥ ಚರ್ಮದ ಗುರುತು ಕಂಡರೆ ಅವನ ಮುಖ ಅರಳುತ್ತದೆ. ಬಂಡೆಯ ನೆತ್ತಿಯ ಮೇಲೆ ಮೀನಿನ ಪರೆ, ಮುಳ್ಳುಗಳಿಂದ ಕೂಡಿದ ಹಿಕ್ಕೆ ದೊರೆತರಂತೂ ಆ ದಿನ ಸಾರ್ಥಕವೇ ಸರಿ. ಅದನ್ನು ತೊಳೆದು, ಒಣಗಿಸಿ, ಪರೆಗಳನ್ನು ಬೇರ್ಪಡಿಸಿ ನೋಡಿದರೆ ನೀರುನಾಯಿ ಯಾವ ಮೀನನ್ನು ತಿಂದಿತೆಂಬುದು ತಿಳಿಯುತ್ತದೆ. ಪ್ರಾಣಿಯೇ ಕಣ್ಣಿಗೆ ಬೀಳುವುದು ಅಪರೂಪ. ಆದರೆ ಒಮ್ಮೊಮ್ಮೆ ತಂದೆ, ತಾಯಿ, ಮರಿಗಳೆಲ್ಲ ಸಾಲಾಗಿ ನೀರಿನಿಂದ ತಲೆಯೆತ್ತಿ, ಸಿಳ್ಳಿನಂಥ ದನಿಯಿಂದ ಒಂದನ್ನೊಂದು ಕರೆಯುತ್ತ ಈಜಿ ಹೋಗುವ ನೋಟ, ವಾರಗಟ್ಟಲೆ ಬರಿಗೈಯಲ್ಲಿ ಮರಳಿದ ದಣಿವನ್ನೆಲ್ಲ ಮರೆಸಿಬಿಡುತ್ತದೆ.

ಈ ನದಿಯಲ್ಲಿರುವುದು ನುಣುಪು ತುಪ್ಪಳದ ನೀರುನಾಯಿ. ಲೋಕದಲ್ಲಿ ಅಳಿವಿನ ಭೀತಿಗೆ ಗುರಿಯಾಗಿರುವ ಪ್ರಾಣಿಗಳ ಪಟ್ಟಿಯಲ್ಲಿ ಇದೂ ಸೇರಿದೆ. ತುಪ್ಪಳದ ಆಸೆಗೆ ಇದನ್ನು ಕೊಲ್ಲುವವರೂ ಮರಿಗಳನ್ನು ಹಿಡಿದು ಮಾರುವವರೂ ಇದ್ದುದರಿಂದ, 2019ರಲ್ಲಿ ಇದರ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಬೇಕಾಯಿತು. ಅದಕ್ಕೂ ಮೊದಲೇ, 2015ರಲ್ಲಿ, ಕೊಪ್ಪಳ ಸೀಮೆಯ ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು 34 ಕಿಲೋಮೀಟರು ಹೊಳೆಯನ್ನು ಕರ್ನಾಟಕ ಸರ್ಕಾರವು ನೀರುನಾಯಿಗಳ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಿತು. ಈ ಸೀಮೆಯ ವನ್ಯಜೀವಿಗಳ ಬೆನ್ನು ಹತ್ತಿ ಬಹುಕಾಲ ಅಲೆದವರಲ್ಲಿ ಸಮದ್ ಕೊಟ್ಟೂರು, ಸಂತೋಷ್ ಮಾರ್ಟಿನ್ ಮೊದಲಾದವರ ಹೆಸರುಗಳನ್ನು ಇಲ್ಲಿ ನೆನೆಯಬೇಕು.

ಸಂರಕ್ಷಣಾ ಮೀಸಲು ಪ್ರದೇಶವೆಂದರೆ ಜನರನ್ನು ಒಕ್ಕಲೆಬ್ಬಿಸುವ ಏರ್ಪಾಡಲ್ಲ. ಅಲ್ಲಿರುವವರ ಹಕ್ಕುಗಳಿಗೆ ಚ್ಯುತಿಯಿಲ್ಲ; ಆಡಳಿತ ಸಮಿತಿಯಲ್ಲಿ ಊರಿನ ಪಂಚಾಯತಿಗೂ ಸ್ಥಾನವುಂಟು. ಆದುದರಿಂದಲೇ ಸಂಶೋಧಕನ ಕೆಲಸದ ಕಠಿಣವಾದ ಭಾಗ ಹೆಜ್ಜೆಗುರುತಿನ ಬಳಿಯಲ್ಲಿ ಮುಗಿಯದೆ, ಹರಿಗೋಲಿನ ಬಳಿಯಲ್ಲಿ ಆರಂಭವಾಗುತ್ತದೆ. ನೀರುನಾಯಿ ಬಲೆಯನ್ನು ಹರಿಯುತ್ತದೆ, ಸಿಕ್ಕ ಮೀನನ್ನು ಕದಿಯುತ್ತದೆ ಎಂಬುದು ಬೆಸ್ತರ ದೂರು. ಅದು ಸುಳ್ಳಲ್ಲ. ಬಲೆಯ ಬೆಲೆ ಎಷ್ಟೆಂಬುದು ಅದನ್ನು ಸಾಲ ಮಾಡಿ ಕೊಂಡವನಿಗೇ ಗೊತ್ತು. ಅವನೆದುರು ನಿಂತು ಪ್ರಾಣಿದಯೆಯ ಉಪದೇಶ ಮಾಡಿದರೆ ಫಲವಿಲ್ಲ. ಸಂಶೋಧಕನು ತೋರಿಸಿಕೊಡಬೇಕಾದ ಸಂಗತಿ ಬೇರೆಯದು. ಸಿಡಿಮದ್ದು ಹಾಕಿ ಮೀನು ಹಿಡಿಯುವವನು ಮಡುವಿನ ಮರಿಮೀನುಗಳನ್ನೂ ಒಮ್ಮೆಗೇ ಕೊಂದುಬಿಡುತ್ತಾನೆ; ಮರಳು ತೋಡುವವರು ಮೀನು ಮೊಟ್ಟೆಯಿಡುವ ತಾವನ್ನೂ ನೀರುನಾಯಿ ಬಿಲ ಮಾಡುವ ದಡವನ್ನೂ ಕೂಡಿಯೇ ಕೆಡಿಸುತ್ತಾರೆ. ಬೆಸ್ತನ ಬಲೆ ಬರಿದಾಗುವುದಕ್ಕೂ ನೀರುನಾಯಿಯ ಮರಿ ಹಸಿಯುವುದಕ್ಕೂ ಕಾರಣ ಒಂದೇ. ಈ ಮಾತು ಬೆಸ್ತನ ಮನಸ್ಸಿಗೆ ನಾಟಿದ ದಿನ ಹೊಳೆಗೆ ಒಬ್ಬ ಕಾವಲುಗಾರ ದೊರೆತಂತೆಯೇ.

ಹೊಳೆಯ ಪಾಡು ಅಣೆಕಟ್ಟಿನ ಕೈಯಲ್ಲಿದೆ. 1953ರಲ್ಲಿ ಹೊಸಪೇಟೆಯ ಬಳಿ ತುಂಗಭದ್ರಾ ಜಲಾಶಯ ಸಿದ್ಧವಾದಂದಿನಿಂದ ಕೆಳಗಿನ ನೀರಿನ ಏರಿಳಿತ ಅಲ್ಲಿನ ಬಾಗಿಲುಗಳನ್ನು ಅವಲಂಬಿಸಿದೆ. ಬೇಸಿಗೆಯಲ್ಲಿ ಹೊಳೆ ಬತ್ತಿ ಬಂಡೆಗಳ ನಡುವಿನ ಮಡುಗಳಷ್ಟೇ ಉಳಿಯುತ್ತವೆ. ಬಟ್ಟೆ ಒಗೆಯುವವರು, ದನಕರು, ಬಲೆ, ನೀರುನಾಯಿ ಎಲ್ಲರೂ ಅದೇ ಮಡುವಿಗೆ ಬರಬೇಕು. 2024ರ ಆಗಸ್ಟಿನಲ್ಲಿ 33 ಬಾಗಿಲುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ನೀರು ಭೋರ್ಗರೆದು ಹರಿದಾಗ ನಾಡೆಲ್ಲ ರೈತರ ಬೆಳೆಯನ್ನು ನೆನೆದು ಕಳವಳಗೊಂಡಿತು. ಅಂಥ ಪ್ರವಾಹದಲ್ಲಿ ದಡದ ಬಿಲಗಳಿಗೆ ಏನಾಯಿತೆಂದು ನೀರಿಳಿದ ಮೇಲೆ ಹೋಗಿ ನೋಡುವುದೂ ಒಬ್ಬರ ಕೆಲಸವೇ.

ಮಧ್ಯಾಹ್ನ ಇಳಿದ ಮೇಲೆ ಸಂಶೋಧಕನ ದಾರಿ ಕಮಲಾಪುರವನ್ನು ದಾಟಿ ದರೋಜಿಯ ಕಡೆಗೆ ತಿರುಗುತ್ತದೆ. 1994ರಲ್ಲಿ ಕರಡಿಧಾಮವೆನಿಸಿದ ಈ ಕುರುಚಲು ಕಾಡಿನಲ್ಲಿ ಬಿಸಿಲು ತಗ್ಗುತ್ತಲೇ ಕರಡಿಗಳು ಬಂಡೆಗಳ ಸಂದಿಯಿಂದ ಹೊರಡುತ್ತವೆ. ನೋಡಬಂದವರು ಕ್ಯಾಮೆರಾ ಹಿಡಿದು ಗೋಪುರದಲ್ಲಿ ಕಾದಿರುತ್ತಾರೆ. ಸಂಶೋಧಕನಿಗೆ ಇಲ್ಲಿಯೂ ಹಿಕ್ಕೆಯದೇ ಹಂಬಲ. ಗೆದ್ದಲಿನ ತುಣುಕುಗಳ ಜೊತೆಯಲ್ಲಿ ಬೋರೆ, ಕಕ್ಕೆಯ ಬೀಜಗಳೂ ಅದರಲ್ಲಿ ಸಿಕ್ಕುತ್ತವೆ. ಆ ಬೀಜಗಳು ಮೊಳೆತು ಗಿಡವಾಗುತ್ತವೆ. ಕರಡಿ ಕೂಲಿಯಿಲ್ಲದ ತೋಟಗಾರ.

ಈ ದರೋಜಿಯ ಕೆರೆಗೆ ನೀರು ಬರುವುದು ಸಂಡೂರಿನ ಗುಡ್ಡಗಳಿಂದ, ನಾರಿಹಳ್ಳದ ಮೂಲಕ. ಅದಿರಿಗಾಗಿ ಆ ಗುಡ್ಡಗಳನ್ನು ಅಗೆದ ಪರಿ ಎಲ್ಲರಿಗೂ ತಿಳಿದದ್ದೇ. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಹಿಡಿಯಿತು. 2013ರಲ್ಲಿ ನಿಬಂಧನೆಗಳೊಡನೆ ಮತ್ತೆ ಅವಕಾಶವಿತ್ತಿತು. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲಿಯೂ ಕಾಣದ ಹಳದಿ ಕೊರಳಿನ ಪಿಕಳಾರವು ಈ ಸೀಮೆಯಲ್ಲಿದೆ. ಹಕ್ಕಿ ದೂರು ಕೊಡಲಾರದು. ಅದು ಯಾವ ಕಣಿವೆಯಲ್ಲಿ, ಯಾವ ದಿನ ಕೂಗಿತೆಂದು ಬರೆದಿಟ್ಟವನೊಬ್ಬನಿದ್ದರೆ ಮಾತ್ರ ಅದರ ಪರವಾಗಿ ಸಾಕ್ಷಿ ಹೇಳಲು ಸಾಧ್ಯ.

ರಾತ್ರಿ ಹೊಸಪೇಟೆಯ ಮನೆಗೆ ಮರಳಿದ ಮೇಲೆ ದಿನಚರಿಯ ಬರವಣಿಗೆ. ಸ್ಥಳ, ಹೊತ್ತು, ನೀರಿನ ಮಟ್ಟ, ಹೆಜ್ಜೆಯ ಅಳತೆ, ಒಂದನ್ನೂ ಬಿಡುವಂತಿಲ್ಲ. ಕಿಟಕಿಯ ಕಟ್ಟೆಯ ಮೇಲೆ ಉಪ್ಪಿನಕಾಯಿಯ ಭರಣಿಗಳ ಪಕ್ಕದಲ್ಲಿಯೇ ನೀರುನಾಯಿಯ ಹಿಕ್ಕೆ ಒಣಗುತ್ತಿದ್ದರೆ ಮನೆಯವರು ಸಿಡುಕುವುದು ಸಹಜ. ಆದರೂ ಆ ಮನೆಯವರ ಸಹನೆ ಇಲ್ಲದಿದ್ದರೆ ಇಂಥ ದಿನಚರಿ ವರ್ಷಗಟ್ಟಲೆ ಬೆಳೆಯುವಂತಿಲ್ಲ.

ಹಂಪೆಯ ಕಲ್ಲುಗಳ ಇತಿಹಾಸವನ್ನು ಓದಲು ಶಾಸನಗಳುಂಟು. ಅದೇ ಕಲ್ಲುಗಳ ಸಂದಿನಲ್ಲಿ ಇಂದಿಗೂ ಮರಿ ಮಾಡುತ್ತಿರುವ ಜೀವಗಳಿಗೆ ಈ ಟಿಪ್ಪಣಿ ಪುಸ್ತಕಗಳೇ ಶಾಸನ. ನಾಳೆಯ ಬೆಳಗು ಮೂಡುವ ಮುನ್ನ ಆ ಯಾತ್ರಿಕನು ಮತ್ತೆ ಹೊಳೆಯ ದಡದಲ್ಲಿರುತ್ತಾನೆ. ಮರಳಿನಲ್ಲಿ ದೊಡ್ಡ ಹೆಜ್ಜೆಗಳ ಪಕ್ಕದಲ್ಲಿ ಪುಟ್ಟ ಹೆಜ್ಜೆಗಳೂ ಇವೆಯೇ ಎಂದು ಬಗ್ಗಿ ನೋಡುತ್ತಿರುತ್ತಾನೆ.